ಮೂರನೇ ಸುತ್ತು

ಸೋಮ್ಲಾ ನಾಯ್ಕರ ಫೋನು, ಬೆಳಿಗ್ಗೆ ಆರೂಮುಕ್ಕಾಲಿಗೆ.
"ಮೇಡಂ, ನಿಮ್ಮ ಮಿಷನ್ನಿಗೆ ಏನೋ ಆಗಿದೆ.
ಚೌಡಮ್ಮನ ಎಮ್ಮೆ ಕೊಬ್ಬು
ಹಾಲೇಶಪ್ಪನ ಹಸುವಿಗೆ ಬಂದಿದೆ.
ಹಾಲೇಶಪ್ಪಂದು ಅವನ ಹಿಂದೆ ನಿಂತ ಹುಡುಗಿಗೆ.
ಹಿಂಗೇ ಸಾಲಿನ ತುದಿವರೆಗೂ.
ಮೊದಲು ಬಂದ ಚೌಡಮ್ಮಂಗೆ ಮಾತ್ರ ಸೊನ್ನೆ.
ಡಿಪೋ ಬಾಗಿಲಲ್ಲಿ ಕೂತಿದ್ದಾಳೆ, ಏಳಲ್ಲ ಅಂತಾಳೆ."

ನನ್ನ ಶೆಡ್ಡು ಆಟೋ ಕಾಂಪ್ಲೆಕ್ಸಿನಲ್ಲಿ,
ರೇಡಿಯೇಟರ್ ಬೆಸೆಯುವವರಿಗೂ ಯಾಕೂಬಣ್ಣನ ಲೇಥಿಗೂ ನಡುವೆ.
ಕಬ್ಬಿಣ ಕೊಯ್ಯುವ ಸದ್ದಿನಲ್ಲೇ ಕೋಡು ಬರೆದು ರೂಢಿ.
ಮೌನವಾದರೆ ತಪ್ಪು ಮಾಡುತ್ತೇನೆ.
ಇಲ್ಲಿ, ಈ ದೊಡ್ಡ ಕಂಪ್ಯೂಟರಿನಲ್ಲಿ ಬೇಯಿಸಿ
ಚೋರಡಿಯಾಚೆ ಉಗುರಗಲದ ಚಿಪ್ಪಿಗೆ ಉಣ್ಣಿಸುವ ಕೆಲಸ.
ಬೇಯಿಸಿದವಳಿಗೆ ಉಣ್ಣುವ ಬಾಯಿ ಕಾಣುವುದಿಲ್ಲ.

ದಶಾಂಶ ಗುಣಿಸುವ, ಭಾಗಿಸುವ, ಪರದೆಗೆ ಬರೆಯುವ ವಿದ್ಯೆ
ನನ್ನದಲ್ಲ, ಲೈಬ್ರರಿಯದು.
ಒಂದೇ ಹೆಸರಿನ ಲೈಬ್ರರಿ, ಹದಿನೇಳು ಕೋಣೆಗಳಲ್ಲಿ.
ದಶಾಂಶದ ಯಂತ್ರವೇ ಇಲ್ಲದ ಬಡ ಚಿಪ್ಪಿಗೆ
ಬೆರಳು ಮಡಿಚಿ ಎಣಿಸುವ ಒಂದು;
ಯಂತ್ರವಿದ್ದರೂ ಕೊಡುವುದು ಕೊಳ್ಳುವುದು
ಹಳೆಯ ಕೈಯಲ್ಲೇ ಆಗಲಿ ಎನ್ನುವ ಇನ್ನೊಂದು;
ಹೊಸ ಕೈಗೇ ನೇರ ಕೊಡಿ ಎಂದು ಹಟ ಹಿಡಿದದ್ದು ಮತ್ತೊಂದು.
ಉಳಿದ ಕೋಣೆಗಳಿಗೆ ನಾನು ಇಣುಕಿದ್ದೇ ಇಲ್ಲ.
ಎಲ್ಲದರೊಳಗೂ ಅದೇ ಫಂಕ್ಷನ್ನು, ಅವೇ ಹೆಸರು,
ಕೊಂಬು ದೀರ್ಘ ಕೂಡ ವ್ಯತ್ಯಾಸವಿಲ್ಲ.

ಶ್ರಾವಣದಲ್ಲಿ ಚಿಪ್ಪಿನ ಹೊಸ ಲಾಟು ಬಂತು, ಯಂತ್ರ ಇರುವಂಥದ್ದು.
ಖುಷಿಯಲ್ಲಿ ಲೈಬ್ರರಿಯನ್ನು ಹೊಸ ಕೋಣೆಯಿಂದ ತಂದೆ.
ನನ್ನ ಕೋಡಿಗೆ ಮಾತ್ರ ಹಳೆಯ ಕೈ ಬಿಡಿಸಲು ಮರೆತೆ.

ಲಿಂಕರ್ ಹೇಳಿತ್ತು. ಅದನ್ನು ಮುಚ್ಚಿಡಬಾರದು.
ಇವೆರಡೂ ಕೂಡುವುದಿಲ್ಲ ಎಂದು ಎರಡು ಸಾಲು ಗೊಣಗಿತ್ತು.
ಸೋಮವಾರಕ್ಕೆ ನಲವತ್ತು ಮಿಷನ್ನು ಕೊಡಬೇಕಿತ್ತು.
ಹೊಂದಿಕೆ ನೋಡಬೇಡ ಎಂದು ಒಂದು ಪದ ಟೈಪಿಸಿ
ನಾನೇ ಅದರ ಬಾಯಿ ಮುಚ್ಚಿಸಿದೆ.
ಸುಮ್ಮನಾಯಿತು.
ಒಪ್ಪಿತು ಅಂದುಕೊಂಡೆ.

ಯಾಕೂಬಣ್ಣ ಚಹಾ ತಂದವನು ನನ್ನ ಮುಖ ನೋಡಿ ಕೇಳಿದ.
ಹೇಳಿದೆ, ಅರ್ಧಂಬರ್ಧ.
ಎಣ್ಣೆ ಡಬ್ಬಿಯೊಳಗೆ ಕೈಯಾಡಿಸಿ
ಇಂಚಿನ ಬೋಲ್ಟಿಗೊಂದು ಎಂಎಂ ನಟ್ಟು ಹುಡುಕಿ ಕೊಟ್ಟ.
"ತಿರುಗ್ಸಿ."
ಒಂದು ಸುತ್ತು, ಬೆಣ್ಣೆ.
ಎರಡು ಸುತ್ತು, ಬೆಣ್ಣೆ.
ಮೂರನೆಯದಕ್ಕೆ ಕಚ್ಚಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ.
ಅವನು ಲೋಟ ಎತ್ತಿಕೊಂಡು ಹೋದ.

ನನ್ನ ಕೋಡು ಹಾಲೇಶಪ್ಪನ ಅಂಕಿಯನ್ನು ಹಳೆಯ ರಿಜಿಸ್ಟರಿನಲ್ಲಿಟ್ಟು
ತಗೋ ಎಂದಿದೆ.
ಫಂಕ್ಷನ್ನು ನೋಡಿದ್ದು ಹೊಸ ರಿಜಿಸ್ಟರಿನಲ್ಲಿ.
ಅಲ್ಲಿ ಕಸ ಇದ್ದಿದ್ದರೆ ಎಷ್ಟೋ ವಾಸಿ,
ಟೇಬಲ್ಲಿನ ಮೇಲೇ ಸಿಕ್ಕಿಬೀಳುತ್ತಿತ್ತು.
ಇದ್ದದ್ದು ಹಿಂದಿನವಳ ಅಂಕಿ,
ನಂಬುವ ಹಾಗಿತ್ತು.

ಹಳೆಯದನ್ನೆಲ್ಲ ಅಳಿಸಿ ಮೊದಲಿಂದ ಕಟ್ಟಿದೆ.
ಯಾವ ಕೋಣೆ ತೆರೆಯುತ್ತೀ ಎಂದು ಕಂಪೈಲರನ್ನೇ ಕೇಳಿದೆ.
ಕೇಳಿದರೆ ಹೇಳುತ್ತದೆ ಅದು, ದಾರಿ ಸಮೇತ.
ನಾಲ್ಕು ವರ್ಷದಲ್ಲಿ ಕೇಳಿದ್ದು ಇದೇ ಮೊದಲು.

ಸಂಜೆ ಹಾಲಿನ ಹೊತ್ತಿಗೆ ಕೇಬಲ್ಲು ಹಿಡಿದು ಡಿಪೋದಲ್ಲಿದ್ದೆ.
ಚೌಡಮ್ಮನದೇ ಮೊದಲು. ಏಳು ಪಾಯಿಂಟ್ ಒಂದು.
"ಇದು ನನ್ನ ಎಮ್ಮೆದೇ ಅಂತ ಹೆಂಗೆ ನಂಬದು?"
ನಾನು ವೋಲ್ಟೇಜು, ರಿಜಿಸ್ಟರು, ಏನೇನೋ ಶುರುಮಾಡಿದೆ.
ಅವಳು ನಲ್ಲಿಗೆ ಹೋಗಿ ಲೋಟದ ತುಂಬ ನೀರು ತಂದಳು.
ನೀರು: ಸೊನ್ನೆ.
ಹಾಲು: ಏಳು ಪಾಯಿಂಟ್ ಒಂದು.
ಮತ್ತೆ ನೀರು.

ಸಾಲು ಉಸಿರು ಹಿಡಿದಿತ್ತು. ನಾನೂ.
ಶೆಡ್ಡಿನಲ್ಲಿ ನನಗೆ ಹೊಳೆಯದ ಪರೀಕ್ಷೆ ಇದು,
ಹಾಲಿನ ಆಚೆಗೊಂದು ಈಚೆಗೊಂದು ನೀರು.

ಸೊನ್ನೆ.

ಅವಳು ಲೋಟ ಚೆಲ್ಲಿ, ಸೆರಗಿಗೆ ಕೈ ಒರೆಸಿ
ಸೋಮ್ಲಾ ನಾಯ್ಕರ ಕಡೆ ತಿರುಗಿದಳು:
"ಹಂಗಾರೆ ಬೆಳಿಗ್ಗೇದು ಬರ್ಕಾ."